ಅಮೆರಿಕದ ಚಿಪ್ ಕಂಪನಿ ಜತೆ ಒಪ್ಪಂದ ಆಗುತ್ತಂತೆ, ಈ ಷೇರು ತಗೋಬಹುದಾ?

ಸಿಂಧನೂರಿನವ:

ಎಲ್ಲರಿಗೂ ನಮಸ್ಕಾರ. ಸಿಂಧನೂರಿನಲ್ಲಿ ನಮ್ಮದು ಬೀಜ, ಗೊಬ್ಬರದ ಅಂಗಡಿ. ಕಾಲುವೆ ನೀರಿನ ಗದ್ದೆಯೂ ಸ್ವಲ್ಪ ಇದೆ. ಈ ಸಲ ಭತ್ತ ಮಾರಿದ ದುಡ್ಡಿನಲ್ಲಿ ಸಾಲ, ಕೂಲಿ, ಕೊಯ್ಲು ಯಂತ್ರದ ಬಾಡಿಗೆ ಎಲ್ಲ ಕಳೆದು ಅರವತ್ತು ಸಾವಿರ ಉಳಿದಿದೆ. ಡಿಮ್ಯಾಟ್ ಖಾತೆ ಇದೆ. ಇನ್ಫೋಸಿಸ್, ಟಿಸಿಎಸ್ ಸ್ವಲ್ಪ ಸ್ವಲ್ಪ ಇವೆ.

ಈಗ ನೋಡುತ್ತಿರುವುದು ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ. ಹೆಸರು ಹಾಕುವುದಿಲ್ಲ, ಹಾಕಿದರೆ ನಾನೇ ಪ್ರಚಾರ ಮಾಡಿದಂತಾಗುತ್ತದೆ. ಎರಡು ವಾರದ ಹಿಂದೆ ₹40 ಇತ್ತು. ಈಗ ₹65. ಬೆಳಿಗ್ಗೆ 9:15ಕ್ಕೆ ಪೇಟೆ ತೆರೆಯುತ್ತಿದ್ದಂತೆ ಶೇ 5 ಏರಿ ಅಪ್ಪರ್ ಸರ್ಕ್ಯೂಟ್‌ನಲ್ಲಿ, ಅಂದರೆ ಒಂದು ದಿನಕ್ಕೆ ಏರಬಹುದಾದ ಮಿತಿಯಲ್ಲಿ, ನಿಂತುಬಿಡುತ್ತದೆ. ಕೊಳ್ಳುವವರ ಸಾಲು ಲಕ್ಷಗಟ್ಟಲೆ, ಮಾರುವವರ ಕಡೆ ಸೊನ್ನೆ.

ಕಾರಣ ಅಂತ ಹೇಳುತ್ತಿರುವುದು ಇದು: ಅಮೆರಿಕದ ದೊಡ್ಡ ಚಿಪ್ ಕಂಪನಿಯೊಂದು ಇವರ ಜತೆ ಪಾರ್ಟ್‌ನರ್‌ಶಿಪ್ ಮಾಡಿಕೊಳ್ಳುತ್ತದಂತೆ. ನಮ್ಮ ವ್ಯಾಪಾರಿಗಳ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಧ್ವನಿ ಸಂದೇಶ ಬಂದಿದೆ. "ತಗೋರಿ ಸರ, ಸೋಮವಾರ ಅನೌನ್ಸ್ ಆಗ್ತದ, ಆಮ್ಯಾಲೆ ನಿಮ್ಗ ಸಿಗಂಗಿಲ್ಲ" ಅಂತ. ಜತೆಗೆ ಕಂಪನಿ ವೆಬ್‌ಸೈಟಿನ ಒಂದು ಚಿತ್ರ. ಪುಟದ ಕೆಳಗೆ ಆ ಚಿಪ್ ಕಂಪನಿಯ ಲೋಗೊ ಇದೆ, ಪಕ್ಕದಲ್ಲಿ 'ಪಾರ್ಟ್‌ನರ್' ಅಂತ ಬರೆದಿದೆ. ಚಿತ್ರ ಸುಳ್ಳಲ್ಲ. ನಾನೇ ವೆಬ್‌ಸೈಟಿಗೆ ಹೋಗಿ ನೋಡಿದೆ, ಇದೆ.

ಇದು ನಿಜವೋ ಗಾಳಿಸುದ್ದಿಯೋ ಸಿಂಧನೂರಿನಲ್ಲಿ ಕೂತು ತಿಳಿಯುವುದು ಹೇಗೆ? ಇನ್ನೊಂದು, ಸುದ್ದಿ ಖಚಿತ ಆಗುವ ಹೊತ್ತಿಗೆ ಬೆಲೆ ಏರಿಬಿಟ್ಟಿರುತ್ತದೆ. ಮೊದಲೇ ಹೋದವರಿಗೆ ತಾನೇ ಲಾಭ, ಅಲ್ವಾ? "ಬೇಡ" ಅಂತ ಒಂದೇ ಮಾತು ಹೇಳಬೇಡಿ, ಕಾರಣ ಹೇಳಿ.

ಕೊಪ್ಪಳದ ಟೀಚರ್:

ಕಂಪನಿ ಗೊತ್ತಿಲ್ಲ, ಹಾಗಾಗಿ ಅದರ ಬಗ್ಗೆ ಹೇಳುವುದಿಲ್ಲ. ಲೋಗೊ ನೋಡಿ ನಂಬುವ ವಿಚಾರಕ್ಕೆ ನಮ್ಮ ಜಿಲ್ಲೆಯದೇ ಒಂದು ಮಾತು ಹೇಳುತ್ತೇನೆ.

ಕುಕನೂರು ತಾಲ್ಲೂಕಿನ ಭಾನಾಪುರದಲ್ಲಿ ಏಕಸ್ ಕಂಪನಿಯ ಆಟಿಕೆ ಕ್ಲಸ್ಟರ್ ಇದೆ. ನಮ್ಮ ಶಾಲೆಯಲ್ಲಿ ಓದಿದ ಹುಡುಗಿಯರು ಅಲ್ಲಿ ಕೆಲಸಕ್ಕೆ ಹೋಗುತ್ತಾರೆ. ಆ ಕಂಪನಿ 2025ರ ಡಿಸೆಂಬರ್‌ನಲ್ಲಿ ಷೇರುಪೇಟೆಗೆ ಬಂದಾಗ ಸ್ಟಾಫ್ ರೂಮಿನಲ್ಲಿ ಎಲ್ಲರದೂ ಒಂದೇ ಮಾತು, "ನಮ್ಮೂರ ಆಟಿಕೆ ಕಂಪನಿ". ಆದರೆ ಪ್ರಾಸ್ಪೆಕ್ಟಸ್, ಅಂದರೆ ಷೇರು ಬಿಡುವ ಮೊದಲು ಕಂಪನಿ ಕೊಡುವ ವಿವರ ಪುಸ್ತಕ, ತೆಗೆದು ನೋಡಿದರೆ ಆದಾಯದ ಬಹುಪಾಲು ವಿಮಾನದ ಬಿಡಿಭಾಗಗಳಿಂದ. ನಾವು ರಸ್ತೆಯಿಂದ ನೋಡುವ ಕಟ್ಟಡಕ್ಕೂ ಆ ಷೇರಿನ ಬೆಲೆ ನಿಂತಿರುವ ವ್ಯಾಪಾರಕ್ಕೂ ತುಂಬ ದೂರ ಇದೆ. ಕಂಪನಿ ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ನನ್ನ ಮಾತಲ್ಲ. ಬಾಗಿಲಲ್ಲೇ ಇರುವ ಕಂಪನಿಯ ವಿಷಯದಲ್ಲೇ ಕಣ್ಣಿಗೆ ಕಂಡದ್ದು ಸಾಲಲಿಲ್ಲ. ವೆಬ್‌ಸೈಟಿನ ಕೆಳಗಿನ ಲೋಗೊ ಎಷ್ಟು ಹೇಳೀತು?

ಆದಾಯ ಎಲ್ಲಿಂದ ಬರುತ್ತದೆ ಅಂತ ಮೊದಲು ನೋಡಿ. ಮಿಕ್ಕಿದ್ದು ಆಮೇಲೆ.

ಬಳ್ಳಾರಿ ಲೆಕ್ಕಿಗ:

ಸಿಂಧನೂರಿನವರೇ, ಕಾರಣ ಕೇಳಿದ್ದೀರಿ. ಅದಕ್ಕೆ ಉದ್ದ ಬರೆಯುತ್ತೇನೆ. ನನಗೆ ಇದು ಬಹಳ ಮನಸ್ಸಿಗೆ ಹತ್ತಿರದ ವಿಷಯ. ನಮ್ಮ ಕಡೆಯ ದುಡಿಮೆಯ ದುಡ್ಡು ಇಂಥ ಧ್ವನಿ ಸಂದೇಶಗಳ ಹಿಂದೆ ಹೋಗುವುದನ್ನು ನೋಡಿದರೆ ಸಂಕಟ ಆಗುತ್ತದೆ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಸಣ್ಣ ಘಟಕಗಳ ಲೆಕ್ಕ ಬರೆಯುವುದು ನನ್ನ ಕೆಲಸ. ದೊಡ್ಡ ಬ್ರ್ಯಾಂಡಿನವರು ಬಂದು ಸ್ಯಾಂಪಲ್ ನೋಡಿ, ಚಹಾ ಕುಡಿದು, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಸಂಜೆಯೊಳಗೆ ಓಣಿಯೆಲ್ಲ ಸುದ್ದಿ. ಆದರೆ ನನ್ನ ಪುಸ್ತಕಕ್ಕೆ ಒಂದು ಸಾಲೂ ಏರುವುದಿಲ್ಲ. ಆರ್ಡರ್ ಚೀಟಿ ಬಂದಾಗ ಮಾತ್ರ ಬರೆಯುತ್ತೇನೆ. ಎಷ್ಟು ಪೀಸ್, ಪೀಸಿಗೆ ಎಷ್ಟು, ಯಾವ ತಾರೀಖಿಗೆ ಕೊಡಬೇಕು, ವಾಷಿಂಗ್ ಯಾರ ಖರ್ಚು. ಈ ನಾಲ್ಕೂ ಇದ್ದರೆ ಅದು ವ್ಯಾಪಾರ. ಷೇರಿನ ಸುದ್ದಿಗೂ ನಾನು ಇದನ್ನೇ ಕೇಳುವುದು.

ಈಗ ಆ ಲೋಗೊ ವಿಷಯ. 'ಪಾರ್ಟ್‌ನರ್' ಅನ್ನುವುದರಲ್ಲಿ ಬಹಳ ತರ ಇವೆ. ಅಮೆರಿಕದ ಚಿಪ್ ಕಂಪನಿ ಎನ್ವಿಡಿಯಾಗೆ 'ಇನ್ಸೆಪ್ಶನ್' ಅಂತ ಒಂದು ಕಾರ್ಯಕ್ರಮ ಇದೆ. ಹೊಸ ಕಂಪನಿಗಳು ಅರ್ಜಿ ಹಾಕಿ ಸೇರಬಹುದು. ಶುಲ್ಕ ಇಲ್ಲ, ಎನ್ವಿಡಿಯಾ ಪಾಲನ್ನೂ ಕೇಳುವುದಿಲ್ಲ. ಸಾವಿರಾರು ಕಂಪನಿಗಳು ಅದರಲ್ಲಿ ಇವೆ. ಮೈಕ್ರೋಸಾಫ್ಟ್‌ಗೆ ಜಗತ್ತಿನಲ್ಲಿ ನಾಲ್ಕು ಲಕ್ಷಕ್ಕೂ ಜಾಸ್ತಿ ಪಾರ್ಟ್‌ನರ್‌ಗಳಿದ್ದಾರೆ. ಅಮೆಜಾನ್‌ನ ಕ್ಲೌಡ್ ವಿಭಾಗಕ್ಕೆ ಒಂದು ಲಕ್ಷಕ್ಕೂ ಜಾಸ್ತಿ. ಅವರ ಸರಕು ಮಾರುವವರು, ಅದರ ಮೇಲೆ ಸಾಫ್ಟ್‌ವೇರ್ ಕಟ್ಟುವವರು, ತರಬೇತಿ ಕೊಡುವವರು ಎಲ್ಲರೂ ಪಾರ್ಟ್‌ನರ್‌ಗಳೇ. ಲೋಗೊ ನಿಜವಾಗಿಯೇ ಇರಬಹುದು. ಅದರ ಹಿಂದೆ ಒಂದು ರೂಪಾಯಿಯ ಆರ್ಡರೂ ಇಲ್ಲದೆ ಇರಬಹುದು.

ದೊಡ್ಡವರ ನಡುವಿನ ಒಪ್ಪಂದವೇ ಆದರೂ ಅದು ಒಬ್ಬರಿಗೇ ಮೀಸಲು ಅಂತ ತಿಳಿಯಬೇಡಿ. 2023ರ ಸೆಪ್ಟೆಂಬರ್ 8ರಂದು ಎನ್ವಿಡಿಯಾ ರಿಲಯನ್ಸ್ ಜತೆಗೂ ಟಾಟಾ ಜತೆಗೂ ಒಂದೇ ದಿನ ಸಹಯೋಗ ಪ್ರಕಟಿಸಿತು. ಅದೇ ತಿಂಗಳು ಇನ್ಫೋಸಿಸ್ ಜತೆಗೂ ಆಯಿತು. ಚಿಪ್ ಮಾರುವವನಿಗೆ ಎಲ್ಲರೂ ಬೇಕು. ಸುದ್ದಿ ಓದುವ ನಾವು ಮಾತ್ರ ನಮ್ಮ ಕಂಪನಿಗೇ ಮದುವೆ ನಿಶ್ಚಯ ಆಯಿತು ಅಂದುಕೊಳ್ಳುತ್ತೇವೆ.

ಸಿಂಧನೂರಿನಲ್ಲಿ ಕೂತು ತಿಳಿಯುವ ದಾರಿ ಇದೆ, ದುಡ್ಡೂ ಬೇಡ. ಬಿಎಸ್‌ಇ, ಅಂದರೆ ಮುಂಬೈ ಷೇರು ವಿನಿಮಯ ಕೇಂದ್ರದ, ವೆಬ್‌ಸೈಟಿಗೆ ಹೋಗಿ ಕಂಪನಿ ಹೆಸರು ಹಾಕಿ. 'ಕಾರ್ಪೊರೇಟ್ ಅನೌನ್ಸ್‌ಮೆಂಟ್ಸ್' ತೆರೆಯಿರಿ. ಷೇರುಪೇಟೆಯ ಪಟ್ಟಿಯಲ್ಲಿರುವ ಪ್ರತಿ ಕಂಪನಿ ಮುಖ್ಯ ಸಂಗತಿಯನ್ನು ಷೇರು ವಿನಿಮಯ ಕೇಂದ್ರಕ್ಕೆ ತಿಳಿಸಲೇಬೇಕು ಅಂತ ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮ ಇದೆ, ನಿಯಮ 30. ಕಂಪನಿಯ ಒಳಗೆ ಹುಟ್ಟಿದ ಸಂಗತಿಯಾದರೆ 12 ಗಂಟೆ ಒಳಗೆ, ಹೊರಗಿನದಾದರೆ 24 ಗಂಟೆ ಒಳಗೆ. ಒಪ್ಪಂದದ ಪತ್ರದ ಜತೆ ಸಾಮಾನ್ಯವಾಗಿ ಒಂದು ಕೋಷ್ಟಕ ಇರುತ್ತದೆ. ಯಾರ ಜತೆ ಒಪ್ಪಂದ, ಏಕೆ, ಎಷ್ಟು ಮೊತ್ತ, ಮುಖ್ಯ ಷರತ್ತು ಏನು, ಎದುರಿನವರು ಪ್ರವರ್ತಕರಿಗೆ (ಕಂಪನಿ ಹುಟ್ಟುಹಾಕಿ ನಡೆಸುವವರಿಗೆ) ಸಂಬಂಧಪಟ್ಟವರೇ ಅಂತೆಲ್ಲ ಅದರಲ್ಲಿ ಬರೆಯಬೇಕು. ಮೊದಲ ಪುಟದ ದೊಡ್ಡ ಮಾತುಗಳನ್ನು ಬಿಟ್ಟು ನೇರ ಆ ಕೋಷ್ಟಕಕ್ಕೆ ಹೋಗಿ. ಮೊತ್ತದ ಎದುರು 'ಅನ್ವಯಿಸುವುದಿಲ್ಲ' ಅಂತ ಇದ್ದರೆ ಅಲ್ಲಿಗೆ ನಿಮಗೆ ಅರ್ಧ ಉತ್ತರ ಸಿಕ್ಕಿತು. ಎಂಒಯು ಅಂದರೆ ಹೆಚ್ಚಿನ ಸಲ 'ಮುಂದೆ ನೋಡೋಣ' ಅನ್ನುವ ಕಾಗದ. ಮುರಿದರೆ ಯಾರ ಮೇಲೂ ಬಂಧನ ಇರುವುದಿಲ್ಲ.

ಗಾಳಿಸುದ್ದಿಗೂ ನಿಯಮ ಇದೆ. ಮುಖ್ಯ ಮಾಧ್ಯಮದಲ್ಲಿ ಸುದ್ದಿ ಬಂದು ಬೆಲೆ ಗಣನೀಯವಾಗಿ ಅಲುಗಾಡಿದರೆ ಕಂಪನಿ 24 ಗಂಟೆ ಒಳಗೆ ಹೌದು, ಇಲ್ಲ ಅಂತ ಹೇಳಬೇಕು. 2024ರ ಜೂನ್ 1ರಿಂದ ಪೇಟೆ ಮೌಲ್ಯದಲ್ಲಿ ಮೊದಲ 100 ಕಂಪನಿಗಳಿಗೆ ಇದು ಜಾರಿಯಾಯಿತು. ಡಿಸೆಂಬರ್ 1ರಿಂದ ಮೊದಲ 250ಕ್ಕೆ. ಇಲ್ಲಿ ಗಮನ ಕೊಡಿ. ನೀವು ಹೇಳುವ ₹65ರ ಸಣ್ಣ ಕಂಪನಿ ಈ 250ರಲ್ಲಿ ಇರುವ ಸಾಧ್ಯತೆ ತೀರಾ ಕಡಿಮೆ. ವಾಟ್ಸ್‌ಆ್ಯಪ್ ಧ್ವನಿ ಸಂದೇಶ ಮುಖ್ಯ ಮಾಧ್ಯಮವೂ ಅಲ್ಲ. ಅಂದರೆ ಈ ಸುದ್ದಿ ಹಬ್ಬಿದ ಜಾಗವೂ ಹಬ್ಬಿದ ಕಂಪನಿಯೂ ಆ ನಿಯಮದ ಬೆಳಕು ಬೀಳದ ಕಡೆ ಇವೆ. ಇದು ಆಕಸ್ಮಿಕ ಅಂತ ನನಗೆ ಅನ್ನಿಸುವುದಿಲ್ಲ.

ಯಾರ ಸಹಿ ಅನ್ನುವುದು ಎಷ್ಟು ಮುಖ್ಯ ಅನ್ನಲು ಗಣಿ, ಲೋಹದ ಕಂಪನಿ ವೇದಾಂತ ಮತ್ತು ತೈವಾನಿನ ಎಲೆಕ್ಟ್ರಾನಿಕ್ಸ್ ಕಂಪನಿ ಫಾಕ್ಸ್‌ಕಾನ್ ಕಥೆ ಸಾಕು. 2022ರ ಫೆಬ್ರವರಿಯಲ್ಲಿ ಎರಡೂ ಸೇರಿ ಭಾರತದಲ್ಲಿ ಸೆಮಿಕಂಡಕ್ಟರ್ (ಚಿಪ್) ಮಾಡುತ್ತವೆ ಅಂತ ಪ್ರಕಟಣೆ ಬಂತು. ಸೆಪ್ಟೆಂಬರ್‌ನಲ್ಲಿ ಗುಜರಾತ್ ಸರ್ಕಾರದ ಜತೆ ₹1.54 ಲಕ್ಷ ಕೋಟಿಯ ಎಂಒಯು. ದೇಶವೇ ಮಾತಾಡಿತು. ಆದರೆ ಆ ಯೋಜನೆ ಮಾಡಬೇಕಿದ್ದದ್ದು ಷೇರುಪೇಟೆಯಲ್ಲಿರುವ ವೇದಾಂತ ಅಲ್ಲ, ಅದರ ಮೇಲಿನ ಮಾಲೀಕ ಕಂಪನಿ ವೋಲ್ಕನ್. ಪತ್ರಿಕಾ ಪ್ರಕಟಣೆ ಓದಿದವರಿಗೆ ಪಟ್ಟಿಯಲ್ಲಿರುವ ಕಂಪನಿಯೇ ಮಾಡುತ್ತಿದೆ ಅನ್ನಿಸುವಂತಿತ್ತು ಅಂತ ಸೆಬಿ 2023ರ ಜೂನ್‌ನಲ್ಲಿ ₹30 ಲಕ್ಷ ದಂಡ ಹಾಕಿತು. ಮುಂದಿನ ತಿಂಗಳು, ಜುಲೈ 10ರಂದು, ಫಾಕ್ಸ್‌ಕಾನ್ ಹೊರಗೆ ಹೋಯಿತು. ಇಬ್ಬರೂ ದೊಡ್ಡವರು, ಸರ್ಕಾರ ಜತೆಗಿತ್ತು, ಕ್ಯಾಮೆರಾ ಮುಂದೆ ಸಹಿ ಆಗಿತ್ತು. ಆದರೂ ಹೀಗಾಯಿತು.

ಕೊನೆಗೆ ಸರ್ಕ್ಯೂಟ್. ದಿನಕ್ಕೆ ಶೇ 5ರಂತೆ ಹತ್ತು ದಿನ ಏರಿದರೆ ₹40 ಹೆಚ್ಚುಕಡಿಮೆ ₹65 ಆಗುತ್ತದೆ. ನಿಮ್ಮ ಲೆಕ್ಕ ಸರಿಯಾಗಿ ಕೂಡುತ್ತದೆ. ಈಗ ಅರವತ್ತು ಸಾವಿರ ಹಾಕಿ, ಅದೇ ಷೇರು ಹತ್ತು ದಿನ ಲೋವರ್ ಸರ್ಕ್ಯೂಟ್, ಅಂದರೆ ದಿನಕ್ಕೆ ಶೇ 5ರಂತೆ, ಬಿದ್ದರೆ ಉಳಿಯುವುದು ಸುಮಾರು ಮೂವತ್ತಾರು ಸಾವಿರ. ಆ ಹತ್ತು ದಿನ ನೀವು ಮಾರಲು ಬೆಳಿಗ್ಗೆ ಎದ್ದು ಕಾಯುತ್ತೀರಿ, ಕೊಳ್ಳುವವರ ಕಡೆ ಸೊನ್ನೆ. ಇವತ್ತು ಮಾರುವವರೇ ಇಲ್ಲದ ಷೇರು ನಿಮಗೆ ಸುಲಭವಾಗಿ ಸಿಕ್ಕ ದಿನ ಇದೆಯಲ್ಲ, ಅವತ್ತು ಯಾರೋ ಹೊರಗೆ ಹೋಗುತ್ತಿದ್ದಾರೆ ಅಂತ ಅರ್ಥ.

ಸಿಂಧನೂರಿನವ:

ತುಂಬ ಧನ್ಯವಾದ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕೂತು ಬಿಎಸ್‌ಇಯಲ್ಲಿ ನೋಡಿದೆ. ಸಿಕ್ಕಿದ್ದು ಹೇಳುತ್ತೇನೆ.

ಬೆಲೆ ಯಾಕೆ ಏರುತ್ತಿದೆ ಅಂತ ವಿನಿಮಯ ಕೇಂದ್ರವೇ ಕಂಪನಿಯನ್ನು ಕೇಳಿದೆ. "ಪ್ರಕಟಿಸದ ಯಾವ ಮಾಹಿತಿಯೂ ನಮ್ಮ ಬಳಿ ಇಲ್ಲ, ಇದು ಪೇಟೆಯ ಏರಿಳಿತ" ಅಂತ ಕಂಪನಿ ಉತ್ತರ ಕೊಟ್ಟಿದೆ. ಅಂದರೆ ಸೋಮವಾರದ ಸುದ್ದಿ ಕಂಪನಿಗೇ ಗೊತ್ತಿಲ್ಲ! ಅದಕ್ಕಿಂತ ಹಿಂದೆ ಒಂದು ಎಂಒಯು ಪತ್ರ ಇದೆ. ಅದು ಚಿಪ್ ಕಂಪನಿ ಜತೆ ಅಲ್ಲ, ಅವರ ಸರಕು ಮಾರುವ ಒಂದು ಖಾಸಗಿ ಸಂಸ್ಥೆ ಜತೆ. ಮೊತ್ತದ ಎದುರು ನೀವು ಹೇಳಿದಂತೆಯೇ 'ಅನ್ವಯಿಸುವುದಿಲ್ಲ'.

ಇನ್ನೊಂದು ಪತ್ರ ಅರ್ಥ ಆಗಲಿಲ್ಲ. ಪ್ರವರ್ತಕರಿಗೂ ಇನ್ನು ಕೆಲವರಿಗೂ ₹32ರಂತೆ ವಾರಂಟ್ ಕೊಡುತ್ತಾರಂತೆ. ಇದು ಏನು?

ಮತ್ತೆ, ಮೊದಲೇ ಹೋಗುವ ವಿಷಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಇನ್ಫೋಸಿಸ್ ಮೊದಲೇ ತಗೊಂಡವರು ಕೋಟ್ಯಧಿಪತಿ ಆದರು ಅಂತಾರಲ್ಲ.

ಬಳ್ಳಾರಿ ಲೆಕ್ಕಿಗ:

ವಾರಂಟ್ ಅಂದರೆ ಮುಂದೆ ಗೊತ್ತಾದ ಬೆಲೆಗೆ ಷೇರು ಪಡೆಯುವ ಹಕ್ಕು. ಈಗ ಬೆಲೆಯ ಶೇ 25 ಕಟ್ಟಬೇಕು, ಉಳಿದದ್ದಕ್ಕೆ 18 ತಿಂಗಳು ಸಮಯ. ಅಂದರೆ ₹32ರ ವಾರಂಟಿಗೆ ಅವರು ಇವತ್ತು ಹಾಕುವುದು ₹8. ಬೆಲೆ ಏರಿದರೆ ಉಳಿದ ₹24 ಕಟ್ಟಿ ಷೇರು ಪಡೆಯುತ್ತಾರೆ. ಬಿದ್ದರೆ ₹8 ಬಿಟ್ಟು ಸುಮ್ನೆ ಇರಬಹುದು. ನೀವು ₹65 ಪೂರ್ತಿ ಕೊಟ್ಟು ಅದೇ ಕಂಪನಿಗೆ ಹೋಗುತ್ತಿದ್ದೀರಿ. ಕಾನೂನಿನಲ್ಲಿ ತಪ್ಪಿಲ್ಲ, ಬೆಳೆಯುವ ಕಂಪನಿಗಳೂ ಹೀಗೆ ಬಂಡವಾಳ ತರುತ್ತವೆ. ಆದರೆ ಬೆಲೆ ಏರಿದರೆ ಯಾರಿಗೆ ಜಾಸ್ತಿ ಅನುಕೂಲ ಅನ್ನುವುದು ಈಗ ನಿಮಗೆ ಕಾಣುತ್ತದೆ.

ಷೇರುದಾರರ ಪಟ್ಟಿಯನ್ನೂ ನೋಡಿ. ಮೂರು ತಿಂಗಳಿಗೊಮ್ಮೆ ಬರುತ್ತದೆ. ಪ್ರವರ್ತಕರ ಪಾಲು ಇಳಿಯುತ್ತಾ, ಮುಖಬೆಲೆಯಲ್ಲಿ ₹2 ಲಕ್ಷದೊಳಗೆ ಷೇರು ಇರುವ ಸಣ್ಣ ಷೇರುದಾರರ ಸಂಖ್ಯೆ ಜಿಗಿಯುತ್ತಿದ್ದರೆ ಷೇರು ಯಾವ ಕೈಯಿಂದ ಯಾವ ಕೈಗೆ ಹೋಗುತ್ತಿದೆ ಅಂತ ಅದೇ ಹೇಳುತ್ತದೆ.

ಇನ್ನೊಂದು ಮಾತು ಹೇಳಲೇಬೇಕು. ಆ ಧ್ವನಿ ಸಂದೇಶದ ಸುದ್ದಿ ನಿಜ ಅಂತಲೇ ಇಟ್ಟುಕೊಳ್ಳಿ, ಅದು ಕಂಪನಿಯ ಒಳಗಿನಿಂದಲೇ ಸೋರಿ ಬಂದಿದೆ ಅನ್ನಿ. ಆಗ ಅದು ಪ್ರಕಟವಾಗದ, ಬೆಲೆ ಬದಲಿಸುವ ಮಾಹಿತಿ. ಅಂಥ ಮಾಹಿತಿ ಕೈಯಲ್ಲಿ ಇಟ್ಟುಕೊಂಡು ಕೊಂಡರೆ 2015ರ ಸೆಬಿ ನಿಯಮದ ಪ್ರಕಾರ ನೀವೂ ಒಳಗಿನವರೇ. ಕಂಪನಿಯಲ್ಲಿ ಕೆಲಸ ಮಾಡಬೇಕು ಅಂತಿಲ್ಲ. ಸುಳ್ಳಾದರೆ ದುಡ್ಡು ಹೋಗುತ್ತದೆ, ನಿಜವಾದರೆ ಕಾನೂನು ಹಿಡಿಯುತ್ತದೆ. ಗುಂಪಿನಲ್ಲಿ ಆ ಸಂದೇಶ ಹಾಕಿದವರನ್ನು ಸೆಬಿ ನೋಂದಣಿ ಸಂಖ್ಯೆ ಕೇಳಿ. ಷೇರು ಸಲಹೆ ಕೊಡುವ ಸಂಶೋಧನಾ ವಿಶ್ಲೇಷಕರ ಸಂಖ್ಯೆ ಐಎನ್‌ಎಚ್ ಅಂತ ಶುರುವಾಗುತ್ತದೆ.

ಶಕ್ತಿನಗರ ನಿವೃತ್ತ:

ಮೊದಲೇ ಹೋಗುವ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಥರ್ಮಲ್ ಸ್ಟೇಷನ್ನಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಷೇರಿನ ವಹಿವಾಟು ಕಾಗದದ ಕಾಲದಿಂದ ನೋಡುತ್ತಿದ್ದೇನೆ.

ಇನ್ಫೋಸಿಸ್ 1993ರಲ್ಲಿ ಷೇರು ಬಿಡುಗಡೆ ಮಾಡಿದ್ದು ₹95ಕ್ಕೆ. ಆಗ ಪೂರ್ತಿ ಅರ್ಜಿಗಳೇ ಬರಲಿಲ್ಲ. ಅಮೆರಿಕದ ಹೂಡಿಕೆ ಬ್ಯಾಂಕ್ ಮೋರ್ಗನ್ ಸ್ಟ್ಯಾನ್ಲಿ ಕೈ ಹಿಡಿಯಿತು. ಜೂನ್‌ನಲ್ಲಿ ಪೇಟೆಗೆ ಬಂದಾಗ ಬೆಲೆ ₹145. ಅಮೆರಿಕದ ನಾಸ್ಡಾಕ್ ಷೇರುಪೇಟೆಗೆ ಹೋದದ್ದು 1999ರಲ್ಲಿ. ನಡುವೆ ಆರು ವರ್ಷ ಇತ್ತು. ಆ ಆರು ವರ್ಷದಲ್ಲಿ ಯಾವ ವರ್ಷ ಬೇಕಾದರೂ ವಾರ್ಷಿಕ ವರದಿ ಓದಿ, ಗ್ರಾಹಕರು ಯಾರು, ಲಾಭ ಎಷ್ಟು ಅಂತ ನೋಡಿ ಕೊಳ್ಳಬಹುದಿತ್ತು. ಸೋಮವಾರದೊಳಗೆ ಕೊಳ್ಳಬೇಕು ಅಂತ ಯಾರೂ ಅವಸರ ಮಾಡಲಿಲ್ಲ. ಒಳ್ಳೆಯ ಕಂಪನಿಗೆ ಮೊದಲೇ ಹೋಗುವುದು ಅಂದರೆ ವರ್ಷಗಳ ಲೆಕ್ಕ. ನಿಮಗೆ ಹೇಳುತ್ತಿರುವುದು ದಿನಗಳ ಲೆಕ್ಕ. ಎರಡೂ ಬೇರೆ ವ್ಯಾಪಾರ.

ರಾಯಚೂರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಹಾಗಾಗಿ ಇಲ್ಲಿ ಎಷ್ಟೋ ಜನ ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂನ ಷೇರನ್ನು ಮನೆ ಕಂಪನಿಯಂತೆ ನಂಬಿದ್ದರು. ಸತ್ಯಂಗೆ ಪಾಲುದಾರಿಕೆಗಳ ಕೊರತೆಯೇ ಇರಲಿಲ್ಲ. 2010ರ ಫುಟ್‌ಬಾಲ್ ವಿಶ್ವಕಪ್‌ಗೆ ಫಿಫಾ ಜತೆಯೇ ಒಪ್ಪಂದ ಇತ್ತು. ನ್ಯೂಯಾರ್ಕ್ ಪೇಟೆಯಲ್ಲೂ ಷೇರು ಇತ್ತು. ಇವೆಲ್ಲ ನಿಜವಾದ ಒಪ್ಪಂದಗಳು, ಗಾಳಿಸುದ್ದಿ ಅಲ್ಲ. 2008ರ ಡಿಸೆಂಬರ್ 16ರಂದು ಪ್ರವರ್ತಕರ ಕುಟುಂಬದ ಎರಡು ಮೇಟಾಸ್ ಕಂಪನಿಗಳನ್ನು ಕೊಳ್ಳುತ್ತೇವೆ ಅಂದರು, ಹೂಡಿಕೆದಾರರು ಸಿಟ್ಟಾದ ಮೇಲೆ ಕೈಬಿಟ್ಟರು. 2009ರ ಜನವರಿ 7ರಂದು ಸತ್ಯಂ ಅಧ್ಯಕ್ಷ ರಾಮಲಿಂಗ ರಾಜು ಅವರ ಪತ್ರ ಬಂತು. ನಗದು ಮತ್ತು ಬ್ಯಾಂಕಿನಲ್ಲಿದೆ ಅಂತ ತೋರಿಸಿದ್ದ ₹5,361 ಕೋಟಿಯಲ್ಲಿ ₹5,040 ಕೋಟಿ ಇರಲೇ ಇಲ್ಲ ಅಂತ ಅವರೇ ಬರೆದಿದ್ದರು. ₹179ರ ಆಸುಪಾಸಿನಲ್ಲಿದ್ದ ಷೇರು ಒಂದೇ ದಿನದಲ್ಲಿ ₹40ಕ್ಕೆ ಬಂತು. ಏಪ್ರಿಲ್‌ನಲ್ಲಿ ಟೆಕ್ ಮಹೀಂದ್ರಾ ₹58ರಂತೆ ಬಿಡ್ ಮಾಡಿ ಕಂಪನಿಯನ್ನು ಉಳಿಸಿತು.

ಅದಕ್ಕೇ ನಾನು ಹೇಳುವುದು, ಒಪ್ಪಂದ ನಿಜವೇ ಅಂತ ಕೇಳಿದರೆ ಸಾಲದು. ದುಡ್ಡು ನಿಜವೇ ಅಂತಲೂ ಕೇಳಿ. ಲಾಭ ತೋರಿಸಿದ್ದಾರೆ, ಸರಿ. ನಗದು ಹರಿವಿನ ಪಟ್ಟಿಯಲ್ಲಿ ಆ ಲಾಭ ಕೈಗೆ ಬಂದಿದೆಯಾ? ಗ್ರಾಹಕರಿಂದ ಬರಬೇಕಾದ ಬಾಕಿ ವರ್ಷದಿಂದ ವರ್ಷಕ್ಕೆ ಉಬ್ಬುತ್ತಿದೆಯಾ? ನೀವು ಗೊಬ್ಬರ ಉದ್ರಿ ಕೊಡುವವರು, ಬಾಕಿ ಉಬ್ಬಿದರೆ ಏನರ್ಥ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಕೊಪ್ಪಳದ ಟೀಚರ್:

ಹಿರಿಯರ ಮಾತಿಗೆ ಒಂದು ಸೇರಿಸುತ್ತೇನೆ. ಬರೀ ಓದಬೇಡಿ, ಕೇಳಿ. ಒಂದು ಷೇರು ಇದ್ದರೂ ನೀವು ಮಾಲೀಕರೇ. ಮಾರ್ಚ್‌ಗೆ ವರ್ಷ ಮುಗಿಸುವ ಕಂಪನಿಗಳು ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಸಭೆ ಮಾಡಬೇಕು. ಈಗ ಎಷ್ಟೋ ಸಭೆಗಳು ವಿಡಿಯೊದಲ್ಲೇ ನಡೆಯುತ್ತವೆ. ಸಭೆಯ ನೋಟಿಸ್ 21 ದಿನ ಮುಂಚೆ ಇಮೇಲ್‌ಗೆ ಬರುತ್ತದೆ. ಮಾತಾಡಲು ಹೆಸರು ನೋಂದಾಯಿಸುವುದು ಹೇಗೆ ಅಂತ ಅದರಲ್ಲೇ ಇರುತ್ತದೆ. ಕೊಪ್ಪಳದಲ್ಲಿ ಕೂತು ನಾನು ಒಂದು ಬೆಂಗಳೂರು ಕಂಪನಿಯ ಸಭೆಯಲ್ಲಿ ಪ್ರಶ್ನೆ ಕೇಳಿದ್ದೇನೆ. ಅಧ್ಯಕ್ಷರು ಉತ್ತರ ಕೊಟ್ಟರು. ಇಂಗ್ಲಿಷ್ ಚೆನ್ನಾಗಿ ಬರಬೇಕು ಅಂತ ಹೆದರಬೇಡಿ, ಬರೆದುಕೊಂಡು ಓದಿದರೆ ಆಯಿತು.

ಸಿಂಧನೂರಿನವ:

ಇದು ನನಗೆ ಹೊಳೆದೇ ಇರಲಿಲ್ಲ. ಮಾಡುತ್ತೇನೆ. ಅರವತ್ತು ಸಾವಿರದಲ್ಲಿ ನಲವತ್ತು ಮುಂಗಾರಿಗೆ ಅಂಗಡಿಗೆ ಸರಕು ತರಲು ಇಟ್ಟೆ. ಉಳಿದದ್ದು ಇಂಡೆಕ್ಸ್ ಫಂಡಿಗೆ, ಅಂದರೆ ಸೂಚ್ಯಂಕದ ಎಲ್ಲ ಕಂಪನಿಗಳಲ್ಲೂ ಸ್ವಲ್ಪ ಸ್ವಲ್ಪ ಹಾಕುವ ಫಂಡಿಗೆ. ಈ ಕಂಪನಿಯದು ಒಂದೇ ಒಂದು ಷೇರು, ಸಿಕ್ಕಿದ ದಿನ. ಧ್ವನಿ ಸಂದೇಶ ಹಾಕಿದವರನ್ನು ನೋಂದಣಿ ಸಂಖ್ಯೆ ಕೇಳಿದೆ. ಉತ್ತರ ಬಂದಿಲ್ಲ, ಆದರೆ ಗುಂಪಿನ ಇನ್ನಿಬ್ಬರು ಫೋನ್ ಮಾಡಿ ಆ ಕೋಷ್ಟಕ ಎಲ್ಲಿದೆ ತೋರಿಸು ಅಂದರು, ತೋರಿಸಿದೆ.

ಸಭೆಗೆ ಪ್ರಶ್ನೆ ಬರೆದಿದ್ದೇನೆ. ಲೆಕ್ಕಿಗರೇ, ಟೀಚರ್, ತಿದ್ದಿ ಕೊಡಿ:

"ನಿಮ್ಮ ವೆಬ್‌ಸೈಟಿನಲ್ಲಿ ಚಿಪ್ ಕಂಪನಿಯ ಪಾರ್ಟ್‌ನರ್ ಅಂತ ಹಾಕಿದ್ದೀರಿ. ಅದು ಯಾವ ಕಾರ್ಯಕ್ರಮದ ಸದಸ್ಯತ್ವ? ಆ ಪಾಲುದಾರಿಕೆಯಿಂದ ಕಳೆದ ವರ್ಷ ಬಂದ ಆದಾಯ ಎಷ್ಟು ರೂಪಾಯಿ? ಗ್ರಾಹಕರಿಂದ ಬರಬೇಕಾದ ಬಾಕಿಯಲ್ಲಿ ಆರು ತಿಂಗಳಿಗಿಂತ ಹಳೆಯದು ಎಷ್ಟು?"

ಬಳ್ಳಾರಿ ಲೆಕ್ಕಿಗ:

ತಿದ್ದುವುದು ಏನೂ ಇಲ್ಲ. ಇನ್ನೊಂದು ಸಾಲು ಸೇರಿಸಿ: "ಎಂಒಯು ಮಾಡಿಕೊಂಡ ಖಾಸಗಿ ಸಂಸ್ಥೆಯ ನಿರ್ದೇಶಕರು ಯಾರು, ಅವರಿಗೂ ನಮ್ಮ ಪ್ರವರ್ತಕರಿಗೂ ಸಂಬಂಧ ಇದೆಯೇ?" ಕಂಪನಿಯ ಕಂಪ್ಲಯನ್ಸ್ ಅಧಿಕಾರಿಯ (ನಿಯಮ ಪಾಲನೆ ನೋಡಿಕೊಳ್ಳುವವರ) ಇಮೇಲ್ ವಾರ್ಷಿಕ ವರದಿಯಲ್ಲಿ ಇರುತ್ತದೆ. ಸಭೆಯವರೆಗೆ ಕಾಯಬೇಡಿ. ಷೇರು ಕೈಗೆ ಬಂದ ದಿನವೇ ಇದನ್ನು ಅವರಿಗೆ ಕಳಿಸಿ, ಏನು ಉತ್ತರ ಬಂತು ಅಂತ ಇಲ್ಲಿ ಹಾಕಿ.